ಇಲ್ಲಿಯ ಹಳ್ಳಿಗಳ ಇತಿಹಾಸ ಸಂಘದ ಬಗ್ಗೆ ಚಿಕ್ಕಪ್ಪನಿಗೊಂದು ಕಾಗದ

ಪೂಜ್ಯ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಚಿಕ್ಕಮ್ಮನ ಮಂಡಿನೋವು ಈಗ ಹೇಗಿದೆ, ಬರೆಯಿರಿ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಇತಿಹಾಸ ಸಂಘ ಅಂತ ಮಾಡಿಕೊಂಡು ತಿಂಗಳಿಗೊಮ್ಮೆ ಸೇರುತ್ತಾರಂತಲ್ಲ, ಅಲ್ಲಿ ರಾಜರಾಣಿಯರ ಕಥೆ ಹೇಳುತ್ತಾರೋ ಅಂತ ಫೋನಿನಲ್ಲಿ ಕೇಳಿದಿರಿ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರಾಜರಾಣಿಯರು ಅಪರೂಪ. ಚರ್ಚಿನ ಹಿಂದಿನ ಹೊಲಕ್ಕೆ ಆ ಹೆಸರು ಯಾಕೆ ಬಂತು, ಕಮ್ಮಾರನ ಕುಲುಮೆ ಎಲ್ಲಿತ್ತು, ಯುದ್ಧಸ್ಮಾರಕದ ಮೇಲೆ ಹೆಸರಿರುವ ಹುಡುಗರು ಯಾವ ಮನೆಯವರು, ಇಂಥವೇ ಹೆಚ್ಚು.

ಸಂಘ ಕಟ್ಟುವುದೇನೂ ಕಷ್ಟವಲ್ಲ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಭಾಷಣಕಾರರನ್ನು ಗೊತ್ತುಮಾಡಲೆಂದೇ ಇನ್ನೊಬ್ಬರು. ಎರಡು ಪುಟದ ನಿಯಮಾವಳಿ. ಇಬ್ಬರ ಸಹಿ ಬೇಕಾಗುವ ಬ್ಯಾಂಕ್ ಖಾತೆ. ವರ್ಷದ ಆದಾಯ 5,000 ಪೌಂಡ್ ದಾಟಿದರೆ ಮಾತ್ರ ಧರ್ಮಾರ್ಥ ಸಂಸ್ಥೆ ಎಂದು ನೋಂದಾಯಿಸಬೇಕು. ಸದಸ್ಯರ ಚಂದಾ, ಹೊರಗಿನವರು ಬಾಗಿಲಲ್ಲಿ ಕೊಡುವ ಕೆಲವು ಪೌಂಡ್, ಲಾಟರಿಯಂಥ ರಾಫಲ್ ಚೀಟಿ, ಇವೇ ಆದಾಯ. ಖರ್ಚೆಂದರೆ ಸಭಾಭವನದ ಬಾಡಿಗೆ, ಭಾಷಣಕಾರರ ಗೌರವಧನ, ಅವರ ಕಾರಿಗೆ ಮೈಲಿಗೆ 45 ಪೆನ್ಸ್‌ನಂತೆ ಪ್ರಯಾಣಭತ್ಯೆ, ಮತ್ತೆ ವಿಮೆ. ಪ್ರೊಜೆಕ್ಟರಿನ ವೈರಿಗೆ ಕಾಲು ಸಿಕ್ಕಿ ಯಾರಾದರೂ ಬಿದ್ದರೆ ಏನು ಗತಿ ಅಂತ ಈ ವಿಮೆ. ನಗಬೇಡಿ, ಬರುವವರಲ್ಲಿ ಬಹಳಷ್ಟು ಜನ ಎಪ್ಪತ್ತು ದಾಟಿದವರು.

ಭಾಷಣಗಳು ಸಾಮಾನ್ಯವಾಗಿ ಸೆಪ್ಟೆಂಬರಿನಿಂದ ಮೇ ತನಕ, ಸಂಜೆ ಏಳೂವರೆಗೆ. ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುವುದರಿಂದ ಸಭಾಭವನದೊಳಗೆ ಯಾರೂ ಕೂರುವುದಿಲ್ಲ; ಆಗ ಊರ ಸುತ್ತ ನಡಿಗೆ, ಹಳೇ ಚರ್ಚು ನೋಡುವುದು. ಒಳ್ಳೆಯ ಭಾಷಣಕಾರರನ್ನು ಒಂದು ವರ್ಷ ಮೊದಲೇ ಹಿಡಿಯಬೇಕು. ಹಿಮ ಬಿದ್ದು ಅವರು ಬರಲಾಗದಿದ್ದರೆ ಅಂತ ಊರಿನವರೇ ಕೊಡಬಹುದಾದ ಒಂದು ಭಾಷಣ ಸಿದ್ಧವಾಗಿಟ್ಟುಕೊಂಡಿರುವುದು ಜಾಣತನ.

ಮಾತು ಐವತ್ತು ನಿಮಿಷ ಮೀರಬಾರದು. ಭಾಷಣ ಕೆಡುವುದಕ್ಕೆ ಕಾರಣ ಹೆಚ್ಚಾಗಿ ವಿಷಯವಲ್ಲ, ಪರದೆ ಮತ್ತು ಮೈಕು. ಇಲ್ಲಿಯ ಸರ್ವೆ ಇಲಾಖೆ, ಆರ್ಡ್ನೆನ್ಸ್ ಸರ್ವೆ, ಹತ್ತೊಂಬತ್ತನೇ ಶತಮಾನದಲ್ಲಿ ನೆಲದ ಒಂದು ಮೈಲಿಗೆ ಕಾಗದದ 25 ಇಂಚಿನಂತೆ ಮಾಡಿದ ನಕ್ಷೆಗಳಲ್ಲಿ ಬಾವಿ, ಪಂಪು, ಹಿತ್ತಲಿನ ಗುಡಿಸಲು ಕೂಡ ಕಾಣುತ್ತದೆ. ಆದರೆ ಇಡೀ ಹಾಳೆಯನ್ನು ಪರದೆಗೆ ಹಾಕಿದರೆ ಮೂರನೇ ಸಾಲಿನವರಿಗೇ ಏನೂ ಕಾಣದು. ಬೇಕಾದ ನಾಲ್ಕು ಮನೆಗಳಷ್ಟನ್ನೇ ಕತ್ತರಿಸಿ ದೊಡ್ಡದು ಮಾಡಿ, ಚರ್ಚು ಯಾವ ಕಡೆ ಅಂತ ಒಂದು ಬಾಣ ಹಾಕಬೇಕು.

ಇನ್ನು ಮೈಕು. ಇಲ್ಲಿಯ ಎಷ್ಟೋ ಸಭಾಭವನಗಳ ಗೋಡೆಯುದ್ದಕ್ಕೂ ಒಂದು ತಂತಿಯ ಸುತ್ತು ಇರುತ್ತದೆ. ಮೈಕಿನ ದನಿ ಆ ತಂತಿಯಿಂದ ಅಯಸ್ಕಾಂತೀಯ ಸಂಕೇತವಾಗಿ ಹೊರಟು, ಶ್ರವಣಯಂತ್ರವನ್ನು 'ಟಿ' ಸ್ಥಾನಕ್ಕೆ ಹಾಕಿಕೊಂಡವರಿಗೆ ಗದ್ದಲವಿಲ್ಲದೆ ನೇರ ಕಿವಿಗೆ ಬೀಳುತ್ತದೆ. ಭಾಷಣಕಾರರು "ನನ್ನ ದನಿ ದೊಡ್ಡದು, ಮೈಕು ಬೇಡ" ಅಂದರೆಂದರೆ ತಂತಿಗೆ ಏನೂ ಹೋಗುವುದಿಲ್ಲ; 'ಟಿ'ಯಲ್ಲಿ ಯಂತ್ರದ ಸ್ವಂತ ಮೈಕೂ ಮುಚ್ಚಿರುವುದರಿಂದ ಅವರಿಗೆ ಪೂರ್ತಿ ಮೌನ. ಸಭಿಕರ ಪ್ರಶ್ನೆಗೂ ಇದೇ ಪಾಡು. ಹಾಗಾಗಿ ಪ್ರಶ್ನೆಯನ್ನು ಅಧ್ಯಕ್ಷರು ಮೈಕಿನಲ್ಲಿ ಇನ್ನೊಮ್ಮೆ ಹೇಳಿದ ಮೇಲೆಯೇ ಉತ್ತರ ಕೊಡಿಸಬೇಕು.

ಇಷ್ಟೆಲ್ಲ ಹೇಳಿದರೂ, ನನ್ನ ಮಟ್ಟಿಗೆ ಭಾಷಣ ಒಂದು ನೆಪ. ನಿಜವಾದ ಕೆಲಸ ನಡೆಯುವುದು ಆಮೇಲಿನ ಚಹಾದ ಹೊತ್ತಿನಲ್ಲಿ, ಫೋಟೋ ಮೇಜಿನ ಸುತ್ತ. ಪರದೆಯ ಮೇಲೆ 1930ರ ದಶಕದ ಶಾಲೆಯ ಗುಂಪುಚಿತ್ರ ಬಂದಾಗ ಮೂರು ಮೂಲೆಯಿಂದ ಮೂರು ಹೆಸರು ಕೂಗುತ್ತಾರೆ, ಎಲ್ಲರೂ ನಗುತ್ತಾರೆ, ಯಾರೂ ಬರೆದುಕೊಳ್ಳುವುದಿಲ್ಲ. ಮಾರನೇ ದಿನ ಆ ಹೆಸರುಗಳು ಯಾರಿಗೂ ನೆನಪಿರುವುದಿಲ್ಲ.

ತಿಳಿದವರು ಮಾಡುವುದು ಹೀಗೆ. ಚಿತ್ರವನ್ನು ಎ3 ಅಳತೆಗೆ ಮುದ್ರಿಸಿ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಒಂದೊಂದು ತಲೆಯ ಸುತ್ತಲೂ ಗೆರೆ ಎಳೆದು ಒಳಗೆ ಸಂಖ್ಯೆ ಬರೆಯುತ್ತಾರೆ. ಪಕ್ಕದಲ್ಲಿ ಒಂದು ಹಾಳೆ: ಸಂಖ್ಯೆ, ಹೆಸರು, ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು, ತಾರೀಖು. ಮೂರನೇ ಮತ್ತು ನಾಲ್ಕನೇ ಅಂಕಣ ಇಲ್ಲದ ಪಟ್ಟಿ ನನ್ನ ಪ್ರಕಾರ ಅರ್ಧ ಬೆಲೆಯದು. "ಏಳನೆಯದು ನನ್ನ ಅಕ್ಕ" ಅನ್ನುವುದಕ್ಕೂ "ಏಳನೆಯದು ಬೇಕರಿಯವರ ಮಗಳಿರಬೇಕು ಅಂತ ನಮ್ಮಮ್ಮ ಹೇಳುತ್ತಿದ್ದರು" ಅನ್ನುವುದಕ್ಕೂ ವ್ಯತ್ಯಾಸವಿದೆಯಲ್ಲ. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆಯಬೇಕು, ಅಲ್ಲೇ ನ್ಯಾಯತೀರ್ಮಾನಕ್ಕೆ ಕೂರಬಾರದು. ಹೆಂಗಸರಿಗೆ ತವರಿನ ಮನೆತನದ ಹೆಸರು ಕೇಳಲೇಬೇಕು. ಮದುವೆಯ ನಂತರದ ಹೆಸರೊಂದೇ ಇದ್ದರೆ ಹಿಂದಿನ ದಾಖಲೆಯ ಜೊತೆ ತಾಳೆ ಹಾಕುವುದು ತುಂಬ ಕಷ್ಟ.

ಮೂಲ ಫೋಟೋದ ಮೇಲೆ ಬಾಲ್‌ಪೆನ್ ತಾಗಿಸುವಂತಿಲ್ಲ. ಅದರ ಒತ್ತು ಮುಂದಿನ ಮುಖಕ್ಕೆ ಮೂಡುತ್ತದೆ, ಶಾಯಿ ಮೇಲಿನ ಫೋಟೋಗೆ ಅಂಟುತ್ತದೆ. ಗಟ್ಟಿ ನೆಲೆಯ ಮೇಲೆ ಬೋರಲಾಗಿಟ್ಟು, ಹಿಂಬದಿಯ ಅಂಚಿನಲ್ಲಿ ಮೆತ್ತನೆಯ 2ಬಿ ಪೆನ್ಸಿಲಿನಿಂದ ಸಂಖ್ಯೆಯನ್ನಷ್ಟೇ ಬರೆಯುತ್ತಾರೆ. ಸ್ಕ್ಯಾನು 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ವಿವರ ಕಳೆಯದ ಟಿಫ್ ಕಡತವಾಗಿ. ಹಾಳುಮಾಡುವ ವಸ್ತುಗಳು ಎಲ್ಲ ಕಡೆಯೂ ಅವೇ: ಸೆಲೊಟೇಪು, ರಬ್ಬರ್ ಬ್ಯಾಂಡು, ತುಕ್ಕು ಹಿಡಿಯುವ ಕ್ಲಿಪ್ಪು, ಪುಟಕ್ಕೆ ಪುಟವೇ ಅಂಟಂಟಾಗಿರುವ ಆಲ್ಬಮ್ಮು.

ತಾರೀಖು ಇಲ್ಲದ ಚಿತ್ರಕ್ಕೆ ಕಾಲ ಹಚ್ಚುವಾಗ ಉಡುಪನ್ನು ನಂಬಿ ಕೂರಬಾರದು, ಹಳ್ಳಿಯಲ್ಲಿ ಒಂದು ಕೋಟು ಇಪ್ಪತ್ತು ವರ್ಷ ಬಾಳುತ್ತಿತ್ತು. ಪೋಸ್ಟ್‌ಕಾರ್ಡಿನ ಚಿತ್ರವಾದರೆ ಹಿಂಬದಿ ತಿರುಗಿಸಿ: ವಿಳಾಸಕ್ಕೊಂದು, ಒಕ್ಕಣೆಗೊಂದು ಅಂತ ನಡುವೆ ಗೆರೆ ಇದ್ದರೆ ಆ ಕಾರ್ಡು ಬ್ರಿಟನ್ನಿನಲ್ಲಿ 1902ಕ್ಕಿಂತ ಹಳೆಯದಲ್ಲ. ಅಂಚೆಮುದ್ರೆಯ ತಾರೀಖು ಚಿತ್ರ ತೆಗೆದ ದಿನವಲ್ಲ, ಅದರ ನಂತರ ತೆಗೆದದ್ದಲ್ಲ ಅಂತ ಮಾತ್ರ ಅರ್ಥ.

ಇನ್ನು ಬರೆದಿಟ್ಟ ದಾಖಲೆಗಳು. ಈ ವಿಷಯದಲ್ಲಿ ಇವರು ಪುಣ್ಯವಂತರು. 1538ರಲ್ಲಿ ದೊರೆ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ಪ್ರತಿ ಪ್ಯಾರಿಷ್ ಚರ್ಚೂ, ಅಂದರೆ ಊರೂರಿನ ಚರ್ಚೂ, ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ರಿಜಿಸ್ಟರಿನಲ್ಲಿ ಬರೆಯಬೇಕು ಅಂತ ಆಜ್ಞೆ ಮಾಡಿದ. ಮೊದಲ ಕಾಗದದ ಪುಸ್ತಕಗಳು ಬಹಳಷ್ಟು ಕಳೆದುಹೋದವು. 1598ರಲ್ಲಿ ಚರ್ಮಪತ್ರಕ್ಕೆ ನಕಲು ಮಾಡಿಸಿದವು ಹಲವೆಡೆ ಉಳಿದಿವೆ. ಇವನ್ನು ಓದುವಾಗ ಹೊಸಬರೆಲ್ಲ ಎಡವುವ ಕಲ್ಲು ಒಂದಿದೆ. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಮಗುವಿಗೆ 1720ರ ಏಪ್ರಿಲ್‌ನಲ್ಲಿ ದೀಕ್ಷಾಸ್ನಾನ, 1720ರ ಫೆಬ್ರವರಿಯಲ್ಲಿ ಸಮಾಧಿ ಅಂತ ಬರೆದಿರುತ್ತದೆ. ಹುಟ್ಟುವ ಮೊದಲೇ ಸತ್ತಿತೇ ಅಂತ ಗಾಬರಿಯಾಗಬೇಕಿಲ್ಲ. ಆ ಫೆಬ್ರವರಿ ನಮ್ಮ ಲೆಕ್ಕಕ್ಕೆ 1721ರದು. ಅದಕ್ಕೇ ಗೊತ್ತಿದ್ದವರು 1720/21 ಅಂತ ಎರಡನ್ನೂ ಬರೆಯುತ್ತಾರೆ.

ಜನಗಣತಿ 1801ರಿಂದ ಇದ್ದರೂ ದೇಶಾದ್ಯಂತ ಒಬ್ಬೊಬ್ಬರ ಹೆಸರೂ ಸಿಗುವುದು 1841ರಿಂದ. ಆ ಸಲ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆ ಇತ್ತು. ಹಾಗಾಗಿ 39ರವನು 35 ಆಗುತ್ತಾನೆ, ಅದನ್ನು ನಂಬಿ ಹುಟ್ಟಿದ ವರ್ಷ ಹುಡುಕಿದರೆ ಸಿಗುವುದಿಲ್ಲ. 1851ರಿಂದ ಹುಟ್ಟಿದೂರು, ಯಜಮಾನನಿಗೆ ಏನಾಗಬೇಕು ಅನ್ನುವುದೂ ಇರುತ್ತದೆ. ನೂರು ವರ್ಷ ಮುಚ್ಚಿಟ್ಟು ಆಮೇಲೆ ಬಿಡುವುದು ಇಲ್ಲಿಯ ಪದ್ಧತಿ; 1921ರದು 2022ರಲ್ಲಿ ಹೊರಬಂತು. 1931ರದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ಆಗಲಿಲ್ಲ. ಆ ಕಂದಕಕ್ಕೆ ಇರುವ ಒಂದೇ ಹಲಗೆ, 1939ರ ಸೆಪ್ಟೆಂಬರ್ 29ರಂದು ಗುರುತಿನ ಚೀಟಿಗಾಗಿ ಮಾಡಿದ ನೋಂದಣಿ.

ನಿಮಗೆ ಖುಷಿಯಾಗುವುದು ದಶಮಾಂಶ ನಕ್ಷೆ. ಬೆಳೆಯಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ ಕೊಡುವ ಪದ್ಧತಿಯನ್ನು 1836ರ ಕಾಯಿದೆ ಹಣದ ರೂಪಕ್ಕೆ ತಂದಿತು. ಅದಕ್ಕಾಗಿ ಹೊಲ ಹೊಲವನ್ನೂ ಅಳೆದು, ನಕ್ಷೆ ಬರೆದು, ಸಂಖ್ಯೆ ಕೊಟ್ಟರು. ಜೊತೆಯ ಪಟ್ಟಿಯಲ್ಲಿ ಒಡೆಯ, ಉಳುವವ, ಹೊಲದ ಹೆಸರು, ಉಳುಮೆಯದೋ ಹುಲ್ಲುಗಾವಲೋ, ಎಷ್ಟು ವಿಸ್ತೀರ್ಣ, ಎಷ್ಟು ಕೊಡಬೇಕು ಎಲ್ಲವೂ ಇದೆ. ನಮ್ಮ ಪಹಣಿಯನ್ನೇ ಓದಿದಂತಾಗುತ್ತದೆ. ವಿಸ್ತೀರ್ಣ 3.2.20 ಅಂತಿದ್ದರೆ ಆ ಚುಕ್ಕಿ ದಶಾಂಶ ಬಿಂದುವಲ್ಲ: 3 ಎಕರೆ, 2 ರೂಡ್, 20 ಪರ್ಚ್. ಎಕರೆಗೆ 4 ರೂಡ್, ರೂಡಿಗೆ 40 ಪರ್ಚ್. ಅಂದರೆ ಮೂರೂವರೆ ಎಕರೆಗಿಂತ ಚೂರು ಹೆಚ್ಚು, ಸರಿಯಾಗಿ 3.625. ಇವನ್ನು ದಶಾಂಶ ಸಂಖ್ಯೆಗಳಂತೆ ಕೂಡಿ ಊರಿನ ಒಟ್ಟು ವಿಸ್ತೀರ್ಣ ತಪ್ಪು ಹೇಳಿದ ಭಾಷಣಗಳು ಬೇಕಾದಷ್ಟು. ಹೊಲದ ಹೆಸರುಗಳಲ್ಲಿ ತಮಾಷೆಯೂ ಇದೆ: 'ನೂರೆಕರೆ' ಅನ್ನುವ ಹೆಸರು ಅನೇಕ ಸಲ ಅಂಗೈಯಗಲದ ತುಂಡಿಗೆ, 'ಬಾಟನಿ ಬೇ' (ಆಸ್ಟ್ರೇಲಿಯದ ಒಂದು ಕೊಲ್ಲಿ) ಅನ್ನುವುದು ಊರಿಂದ ತೀರ ದೂರದ ಹೊಲಕ್ಕೆ. ಕೈದಿಗಳನ್ನು ಆಸ್ಟ್ರೇಲಿಯಕ್ಕೆ ಸಾಗಹಾಕುತ್ತಿದ್ದ ಕಾಲದ ಕುಚೋದ್ಯ ಅದು. ಎಲ್ಲ ಊರಿಗೂ ಈ ನಕ್ಷೆ ಇಲ್ಲ. ಸಾಮೂಹಿಕ ಜಮೀನಿಗೆ ಬೇಲಿ ಹಾಕಿ ಹಂಚಿದಾಗಲೇ ದಶಮಾಂಶದ ಲೆಕ್ಕ ಚುಕ್ತಾ ಆಗಿದ್ದ ಕಡೆ ಹುಡುಕಿ ಫಲವಿಲ್ಲ.

ಸ್ಮಾರಕದ ಹೆಸರುಗಳ ಹಿಂದೆ ಹೋದವರಿಗೂ ಒಂದು ಗೋಡೆ ಅಡ್ಡ ಬರುತ್ತದೆ. ಮೊದಲ ಮಹಾಯುದ್ಧದ ಸಿಪಾಯಿಗಳ ಸೇವಾದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಸುಟ್ಟವು. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿ ಸಮಾಧಿ ಸಿಗುತ್ತದೆ, ಆದರೆ ಮನೆಯ ವಿವರಕ್ಕೆ ಮತ್ತೆ ಗಣತಿಗೇ ಬರಬೇಕು. ಹೆಸರು ಕೆತ್ತಿಸುವುದು ಊರಿನವರ ತೀರ್ಮಾನವಾಗಿತ್ತು, ಹಾಗಾಗಿ ಒಬ್ಬನೇ ಎರಡು ಊರಿನ ಕಲ್ಲಿನಲ್ಲಿರುವುದೂ, ಎಲ್ಲೂ ಇಲ್ಲದಿರುವುದೂ ಉಂಟು.

ದಂತಕಥೆಗಳ ವಿಷಯ ಬರೆಯದೆ ಇರಲಾರೆ. ಇಂಗ್ಲೆಂಡಿನ ಹಳ್ಳಿ ಹಳ್ಳಿಯಲ್ಲೂ ಚರ್ಚಿನಿಂದ ಹೆಂಡದಂಗಡಿಗೆ ಒಂದು ರಹಸ್ಯ ಸುರಂಗ! ಅಗೆದು ನೋಡಿದರೆ ಸಾಮಾನ್ಯವಾಗಿ ಮೋರಿ ಇಲ್ಲವೇ ನೆಲಮಾಳಿಗೆ. ಇನ್ನೊಂದು, ಹಳೇ ಮನೆಯ ತೊಲೆಗಳು ಒಡೆದ ಹಡಗಿನಿಂದ ಬಂದವು ಅನ್ನುವುದು. ತೊಲೆಯಲ್ಲಿ ಕೆಲಸಕ್ಕೆ ಬಾರದ ತೂತುಗಳಿರುವುದು ಅದಕ್ಕೆ ಸಾಕ್ಷಿಯಂತೆ. ಆ ತೂತು ಇನ್ನೊಂದು ಮರದ ತುದಿ ಕೂರಿಸಲು ಕೊರೆದದ್ದು. ಹಳೇ ಮನೆ ಕೆಡವಿ ಅದರ ಮರವನ್ನೇ ಹೊಸದಕ್ಕೆ ಬಳಸಿದರು, ಅಷ್ಟೇ ಕಥೆ. ಪರೀಕ್ಷಿಸಬೇಕಾದರೆ ಓಕ್ ತೊಲೆಯಿಂದ ಪೆನ್ಸಿಲಿನಷ್ಟು ದಪ್ಪದ ಕಡ್ಡಿ ತೆಗೆದು ಬೆಳವಣಿಗೆಯ ಉಂಗುರ ಎಣಿಸಿ ಅಳೆಯುತ್ತಾರೆ. ತೊಗಟೆಯ ಅಂಚು ಉಳಿದಿದ್ದರೆ ಮರ ಕಡಿದ ವರ್ಷವೇ ಸಿಗಬಹುದು. ಉಂಗುರಗಳು ಐವತ್ತಕ್ಕಿಂತ ಕಡಿಮೆಯಿದ್ದರೆ ಕಾಲ ಗೊತ್ತಿರುವ ಮರಗಳ ಉಂಗುರಗಳೊಂದಿಗೆ ಹೊಂದಿಸುವುದು ಕಷ್ಟ. ಹಾಗಂತ ಸುರಂಗದ ಕಥೆಯನ್ನು ಬಿಸಾಕುವುದೂ ಸರಿಯಲ್ಲ. 'ಊರಿನವರು ಹೀಗೆನ್ನುತ್ತಾರೆ' ಎಂಬ ತಲೆಬರಹದಡಿ, ಹೇಳಿದವರ ಹೆಸರಿನೊಂದಿಗೆ ಅದನ್ನೂ ಬರೆದಿಡಬೇಕು.

ಮುದುಕರ ಮಾತು ರೆಕಾರ್ಡ್ ಮಾಡುವುದಿದ್ದರೆ ಎಂಪಿ3 ಬೇಡ, ದನಿಯನ್ನು ಕುಗ್ಗಿಸದ ವೇವ್ ಕಡತವೇ ಆಗಬೇಕು. ಅಡುಗೆಮನೆಯಲ್ಲಿ ಕೂರಬೇಡಿ, ಫ್ರಿಜ್ಜಿನ ಗುಂಯ್ ಸದ್ದು ನಮ್ಮ ಗಮನಕ್ಕೆ ಬಾರದಿದ್ದರೂ ಮೈಕಿಗೆ ಬೀಳುತ್ತದೆ. ಒಪ್ಪಿಗೆಯ ಸಹಿ ಅಂದೇ ಪಡೆಯಬೇಕು. ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರು ಸತ್ತ 70 ವರ್ಷದ ತನಕ ಇರುತ್ತದೆ, ಆಲ್ಬಮ್ ಕೊಟ್ಟವರು ಹೂಂ ಅಂದರೆ ಸಾಲದು.

ಕೊನೆಗೆ, ಇವೆಲ್ಲ ಎಲ್ಲಿರಬೇಕು ಅನ್ನುವುದು. ಬಹಳ ಸಂಘಗಳಲ್ಲಿ ಇವು ಕಾರ್ಯದರ್ಶಿಯ ಮನೆಯ ಅಟ್ಟದಲ್ಲಿರುತ್ತವೆ. ಅಟ್ಟಕ್ಕೆ ಬೇಸಿಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ತೇವ, ವರ್ಷವಿಡೀ ಇಲಿ. ಅದಕ್ಕಿಂತ ದೊಡ್ಡ ಅಪಾಯ, ಕಾರ್ಯದರ್ಶಿ ತೀರಿಕೊಂಡಾಗ ಮನೆ ಖಾಲಿ ಮಾಡಲು ಬಂದ ಮಕ್ಕಳಿಗೆ ಯಾವ ಪೆಟ್ಟಿಗೆ ಅಪ್ಪನದು, ಯಾವುದು ಸಂಘದ್ದು ಅಂತ ಗೊತ್ತಾಗದಿರುವುದು. ಎಲ್ಲ ಒಟ್ಟಿಗೆ ಕಸದ ಗಾಡಿಗೆ ಹೋಗುತ್ತದೆ. ಆದ್ದರಿಂದ ಪ್ರತಿ ಪೆಟ್ಟಿಗೆಯ ಹೊರಗೆ ಸಂಘದ ಹೆಸರು, ಒಳಗೆ ಏನಿದೆಯೆಂಬ ಪಟ್ಟಿ, ಆ ಪಟ್ಟಿಯ ಇನ್ನೊಂದು ಪ್ರತಿ ಬೇರೊಬ್ಬರ ಮನೆಯಲ್ಲಿ ಇರಬೇಕು. ಮೂಲ ಪತ್ರಗಳನ್ನು ಕೌಂಟಿಯ, ಅಂದರೆ ಜಿಲ್ಲೆಯ, ದಾಖಲೆ ಕಚೇರಿಗೆ ಒಪ್ಪಿಸುವುದು ಲೇಸು. ಒಪ್ಪಿಸುವಾಗ ದಾನವೋ, ಇಟ್ಟುಕೊಳ್ಳಲು ಕೊಟ್ಟದ್ದೋ ಅಂತ ಬರಹದಲ್ಲಿ ಸ್ಪಷ್ಟಪಡಿಸಬೇಕು. ನಿಯಮಾವಳಿಯಲ್ಲೂ ಒಂದು ಸಾಲು ಬೇಕು: ಸಂಘ ಮುಚ್ಚಿದರೆ ಸಂಗ್ರಹ ಯಾರಿಗೆ. ಸಂಘ ಶುರುಮಾಡುವ ಉತ್ಸಾಹದಲ್ಲಿ ಆ ಸಾಲು ಬರೆಯಲು ಯಾರಿಗೂ ಮನಸ್ಸಾಗುವುದಿಲ್ಲ, ಆದರೆ ಬರೆಸಬೇಕಾದದ್ದು ಅವತ್ತೇ.

ಫೋಟೋ ಮೇಜಿನ ಹಾಳೆಯ ನಮೂನೆಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಚಿಕ್ಕಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿಮ್ಮ
ಪುಟ್ಟಿ