ಮೊಣಕಾಲು ಒತ್ತಿಕೊಂಡ ಹುಡುಗ ಮತ್ತು ಅವನ ಮುತ್ಯಾನಿಗೆ

ನಿನ್ನೆ ವೈವಾ ಮುಗಿಯಿತು. ಆರು ವರ್ಷದ ಪಿಎಚ್‌ಡಿ ದಡ ಸೇರಿತು. ಫೋನ್ ಮಾಡಿದವರ ಹತ್ತಿರ ಅಳುವೇ ಜಾಸ್ತಿಯಾಗಿ ಮಾತು ಆಡಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಋಣ ರಾಯಚೂರು ಜಿಲ್ಲೆಯ ಮುದಗಲ್ ಕಡೆಯ ಒಂದು ಊರಿನಲ್ಲಿ, ಮೊಹರಂಗೆ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರದು. ನಾನು ಅಲ್ಲಿಗೆ ಹೋದದ್ದೇ ಫ್ರೆಂಚ್ ಚಿಂತಕ ರೆನೆ ಜಿರಾರ್ 1972ರ ಪುಸ್ತಕದಲ್ಲಿ ಬೆಳೆಸಿದ ವಾದ ಹಿಡಿದುಕೊಂಡು. ಮನುಷ್ಯ ಆಸೆಪಡುವುದನ್ನೂ ಇನ್ನೊಬ್ಬರನ್ನು ನೋಡಿಯೇ ಕಲಿಯುತ್ತಾನೆ. ಇಬ್ಬರು ಒಂದನ್ನೇ ಬಯಸಿದರೆ ಜಿದ್ದು. ಜಿದ್ದು ಊರಿಗೆಲ್ಲ ಹಬ್ಬಿದರೆ ಎಲ್ಲರೂ ಸೇರಿ ಒಬ್ಬನ ಬಲಿ ಕೊಟ್ಟು ತಣ್ಣಗಾಗುತ್ತಾರೆ. ಧರ್ಮ ಹುಟ್ಟುವುದು ಆ ಬಲಿಯಿಂದ. ಮೊಹರಂನಲ್ಲಿ ನೆನೆಯುವ, ಕರ್ಬಲಾದ ಕಾಳಗದಲ್ಲಿ ಮಡಿದ ಪ್ರವಾದಿಯ ಮೊಮ್ಮಗ ಹುಸೇನರ ಕಥೆ ಇದಕ್ಕೆ ಹೇಳಿ ಮಾಡಿಸಿದ ಹಾಗೆ ಕಂಡಿತು. ಒಂದೇ ತಿಂಗಳಲ್ಲಿ ಕರಡು ಬರೆದು ಕೊಟ್ಟೆ.

ಗೈಡ್ ಮೇಡಂ ಓದಿ ಒಂದೇ ಪ್ರಶ್ನೆ ಕೇಳಿದರು: "ಏನು ಕಂಡರೆ ಇದು ತಪ್ಪು ಅಂತ ಒಪ್ಪಿಕೊಳ್ತೀಯ?" ನನ್ನಲ್ಲಿ ಉತ್ತರವಿರಲಿಲ್ಲ. ಮೇಡಂ, ಆ ಪ್ರಶ್ನೆಗೆ ಕೈಮುಗಿಯುತ್ತೇನೆ.

ಮುಂದಿನ ಮೊಹರಂಗೆ ಮತ್ತೆ ಹೋದೆ. ಎರಡು ಓಣಿಯ ಮೇಳಗಳು ಮೊಹರಂ ಹಾಡುಗಳಾದ ರಿವಾಯತ್ ಪದದಲ್ಲಿ ಒಂದನ್ನೊಂದು ಮೀರಿಸಲು ಹಾಡುತ್ತಿದ್ದವು. ಅಲ್ಲಿ ಜಿರಾರ್ ಸರಿಯೇ. ಆದರೆ ಕುಣಿಯ ಅಂಚಿನಲ್ಲಿ ಒಬ್ಬ ಮುತ್ಯಾ ನೋಯುವ ಮೊಣಕಾಲನ್ನು ಅಂಗೈಯಿಂದ ಒತ್ತಿ, ಬಗ್ಗಿ, ಬೂದಿ ತೆಗೆದು ಹಣೆಗೆ ಹಚ್ಚಿಕೊಂಡರು. ಪಕ್ಕದಲ್ಲಿದ್ದ ನಾಲ್ಕು ವರ್ಷದ ಮೊಮ್ಮಗ ತನ್ನ ಎಳೆ ಮೊಣಕಾಲನ್ನೂ ಹಾಗೇ ಒತ್ತಿ, ಬಗ್ಗಿ, ಬೂದಿ ಹಚ್ಚಿಕೊಂಡ. ಅವನಿಗೆ ಯಾರ ಮೇಲೂ ಜಿದ್ದಿರಲಿಲ್ಲ. ಹಾರ್ನರ್ ಮತ್ತು ವೈಟನ್ ಎಂಬ ಸಂಶೋಧಕರ 2005ರ ಪ್ರಯೋಗ ಓದಿದ್ದೆ: ಪೆಟ್ಟಿಗೆ ತೆರೆಯುವುದನ್ನು ಬೇಡದ ಕ್ರಿಯೆಗಳನ್ನೂ ಸೇರಿಸಿ ತೋರಿಸಿ, ಒಳಗೆಲ್ಲ ಕಾಣುವ ಪೆಟ್ಟಿಗೆ ಕೊಟ್ಟಾಗ ಚಿಂಪಾಂಜಿಗಳು ಬೇಡದ ಕ್ರಿಯೆ ಬಿಟ್ಟು ನೇರ ತಿಂಡಿಗೆ ಕೈಹಾಕಿದವು, ಮೂರು-ನಾಲ್ಕು ವರ್ಷದ ಮಕ್ಕಳು ಮಾತ್ರ ತೋರಿಸಿದ್ದನ್ನೆಲ್ಲ ಮಾಡಿದರು. ಅದು ಮನಸ್ಸಿಗೆ ಇಳಿದದ್ದು ಆ ರಾತ್ರಿ. ನನ್ನ ನಾಲ್ಕನೇ ಅಧ್ಯಾಯ ಆ ಮೊಣಕಾಲಿನಿಂದಲೇ ಶುರುವಾಗುತ್ತದೆ.

"ಅಲಾಯಿ ದೇವರನ್ನ ನಂಬ್ತಿಯೇನವ್ವಾ?" ಎಂದು ಮುತ್ಯಾ ಕೇಳಿದ್ದರು. ಗೊತ್ತಿಲ್ಲ ಎಂದೆ. "ಇರ್ಲಿ ಬಿಡು, ಹೆಜ್ಜಿ ತಪ್ಪಬ್ಯಾಡ" ಎಂದು ಸಾಲಿನಲ್ಲಿ ಜಾಗ ಬಿಟ್ಟರು. ದೇವರು ಇದ್ದಾನೋ ಇಲ್ಲವೋ ಎಂಬ ತೀರ್ಪು ನನ್ನ ಪ್ರಬಂಧದಲ್ಲಿಲ್ಲ. ಯಾರು ಯಾರನ್ನು ನೋಡಿ ಕಲಿತರು ಎಂಬುದನ್ನು ನಾನು ಕಣ್ಣಾರೆ ನೋಡಿ ಬರೆಯಬಲ್ಲೆ. ಅಷ್ಟನ್ನೇ ಬರೆದೆ.

ಫೆಲೋಶಿಪ್ ಹಣ ಏಳು ತಿಂಗಳು ಬರದಿದ್ದಾಗ ಮೆಸ್ ಬಿಲ್ ಕಟ್ಟಿದ ರಾಯಚೂರಿನ ಗೆಳತಿಗೆ, ಜೋಳದ ರೊಟ್ಟಿ ಕಟ್ಟಿ ಬಸ್ಸಿಗೆ ಹಾಕಿಸುತ್ತಿದ್ದ ಅವ್ವನಿಗೆ ಏನು ಹೇಳಲಿ.

ಮುತ್ಯಾ, ಈ ಮೊಹರಂಗೆ ಪ್ರಬಂಧದ ಪ್ರತಿ ತರ್ತೀನಿ. ನಾಲ್ಕನೇ ಅಧ್ಯಾಯ ನಾನೇ ಓದಿ ಹೇಳ್ತೀನಿ.