ನಾಲ್ಕಕ್ಕೆ ಕಾಲು ನಿಲ್ಲಬೇಕು ಪುಟ್ಟಿ

ತುಮಕೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಲ್ಲಿ ನೀನು ಹೇಳಿದ ಮಾತು ಇನ್ನೂ ಮನಸ್ಸಲ್ಲೇ ಇದೆ. ಪುಣೆಯಲ್ಲಿ ಆಫೀಸಿನವರ ಜೊತೆ ಮೂರು ಸಲ ಲ್ಯಾಟಿನ್ ನೈಟಿಗೆ, ಅದೇ ಸಾಲ್ಸಾ, ಬಚಾಟಾ ಅಂತ ಲ್ಯಾಟಿನ್ ಅಮೆರಿಕದ ಕುಣಿತ ಕುಣಿಯೋ ರಾತ್ರಿಗೆ ಹೋದೆ, ಮೂರು ಸಲವೂ ಜ್ಯೂಸಿನ ಲೋಟ ಹಿಡ್ಕೊಂಡು ಗೋಡೆ ಪಕ್ಕ ನಿಂತಿದ್ದು ವಾಪಸ್ ಬಂದೆ ಅಂದೆಯಲ್ಲ. "ಎಲ್ಲರಿಗೂ ಬರುತ್ತೆ, ನನಗೊಬ್ಬಳಿಗೇ ಬರಲ್ಲಮ್ಮ" ಅಂದೆ. ಅದಕ್ಕೆ ಏನು ಹೇಳಬೇಕೋ ಆವತ್ತು ತೋಚಲಿಲ್ಲ, ಊಟ ಆಯ್ತಾ ಅಂತ ಕೇಳಿ ಫೋನ್ ಇಟ್ಟೆ. ಈಗ ಹೇಳೋದಿದೆ. ನಿನ್ನೆ ನಾನೂ ನಿಮ್ಮಪ್ಪನೂ ಅಂಥದ್ದೇ ಒಂದು ರಾತ್ರಿಗೆ ಹೋಗಿಬಂದ್ವಿ, ಇಲ್ಲೇ ನಮ್ಮ ತುಮಕೂರಲ್ಲಿ.

ಶುಗರ್ ಬಂದಾಗಿಂದ ಬೆಳಿಗ್ಗೆ ಜುಂಬಾ ಡ್ಯಾನ್ಸ್ ವ್ಯಾಯಾಮಕ್ಕೆ ಹೋಗ್ತೀನಲ್ಲ, ಅಲ್ಲಿನ ಮಾಸ್ಟರೇ ಕರೆದಿದ್ದು. ಅದೇ ಮಹಡಿ ಮೇಲಿನ ಹಾಲ್. ಮೊದಲ ಒಂದು ಗಂಟೆ ಏನೂ ಬಾರದವರಿಗೆ ಪಾಠ, ಆಮೇಲೆ ಹಾಡು ಹಾಕಿ ಬಿಟ್ಟುಬಿಡ್ತಾರೆ, ಯಾರು ಯಾರ ಜೊತೆ ಬೇಕಾದರೂ ಕುಣಿಯಬಹುದು. ಇಂಜಿನಿಯರಿಂಗ್ ಓದೋ ಮಕ್ಕಳು, ಬ್ಯಾಂಕಿನಲ್ಲಿ ಕೆಲಸ ಮಾಡೋ ಗಂಡ ಹೆಂಡತಿ, ಜುಂಬಾದ ನಮ್ಮ ನಾಲ್ಕು ಜನ, ಎಲ್ಲ ಸೇರಿ ಒಂದು ಮೂವತ್ತು ಜನ ಇದ್ದಿರಬೇಕು. ನಿಮ್ಮಪ್ಪ ನನ್ನನ್ನ ಬಿಟ್ಟು ಬರೋಕೆ ಅಂತ ಬಂದವರು, ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತರು.

ಮೊದಲು ಮೆರೆಂಗೆ ಹಾಕಿದರು. ಡೊಮಿನಿಕನ್ ರಿಪಬ್ಲಿಕ್ಕಿನ ಕುಣಿತ ಅದು. ನೀನೂ ಅದರಿಂದಲೇ ಶುರು ಮಾಡು ಕಂದ. ತಾಳದ ಪೆಟ್ಟಿಗೊಂದು ಹೆಜ್ಜೆ, ಎಡ ಬಲ ಎಡ ಬಲ, ಅಷ್ಟೇ. ನಿಂತಲ್ಲೇ ನಡೆದ ಹಾಗೆ. ಮಂಡಿ ಸ್ವಲ್ಪ ಸಡಿಲ ಬಿಟ್ಟರೆ ಸೊಂಟ ತಾನಾಗೇ ಆಡುತ್ತೆ, ಅದನ್ನ ಬೇರೆ ಆಡಿಸಬೇಕಿಲ್ಲ. ಆ ಹಾಡಲ್ಲಿ ಒಂದು ಸದ್ದು ಬಿಡದೆ ಕೇಳ್ತಾ ಇರುತ್ತೆ, ಚಿಕ್ ಚಿಕಿಚಿಕ್ ಅಂತ. ಗ್ವಿರಾ ಅಂತ ಅದರ ಹೆಸರಂತೆ. ತೂತು ತೂತಿನ ತಗಡಿನ ಕೊಳವೆ, ಕಡ್ಡಿಯಲ್ಲಿ ಕೆರೆದು ನುಡಿಸ್ತಾರೆ. ನಮ್ಮ ಕ್ಯಾರೆಟ್ ತುರಿಯೋ ಮಣೆಯನ್ನ ಸುರುಳಿ ಸುತ್ತಿದ ಹಾಗಿದೆ ನೋಡೋಕೆ. ಅದೊಂದನ್ನ ಕಿವಿಯಲ್ಲಿ ಹಿಡ್ಕೊಂಡರೆ ಕಾಲು ತಪ್ಪಲ್ಲ. ಹತ್ತು ನಿಮಿಷದಲ್ಲಿ ನನ್ನ ಬೆನ್ನಿನ ಬಿಗಿ ಹೋಗಿತ್ತು.

ಆಮೇಲೆ ಸಾಲ್ಸಾ. ಅಲ್ಲಿ ನಾನು ಸಿಕ್ಕಿಹಾಕ್ಕೊಂಡೆ.

ಎಂಟು ಎಣಿಸಬೇಕು. ಒಂದು ಎರಡು ಮೂರಕ್ಕೆ ಹೆಜ್ಜೆ, ನಾಲ್ಕಕ್ಕೆ ಇಲ್ಲ. ಐದು ಆರು ಏಳಕ್ಕೆ ಹೆಜ್ಜೆ, ಎಂಟಕ್ಕೆ ಇಲ್ಲ. ಎದುರಿನವರು ನಡೆಸಿದ ಹಾಗೆ ಹೋಗೋ ನಮಗೆ ಒಂದಕ್ಕೆ ಬಲಗಾಲು ಹಿಂದೆ, ಎರಡಕ್ಕೆ ಎಡಗಾಲು ಇದ್ದಲ್ಲೇ, ಮೂರಕ್ಕೆ ಬಲಗಾಲು ವಾಪಸ್ ನಡುವಿಗೆ. ಐದಕ್ಕೆ ಎಡಗಾಲು ಮುಂದೆ, ಆರಕ್ಕೆ ಬಲಗಾಲು ಇದ್ದಲ್ಲೇ, ಏಳಕ್ಕೆ ಎಡಗಾಲು ನಡುವಿಗೆ. ಬಾಯಲ್ಲಿ ಹೇಳೋಕೆ ಸುಲಭ. ನನ್ನ ಕಾಲು ಮಾತ್ರ ನಾಲ್ಕಕ್ಕೂ ಇಡ್ತಾ ಇತ್ತು. ಒಂದು ಸಲ ನಾಲ್ಕಕ್ಕೆ ಇಟ್ಟೆ ಅಂದರೆ ಭಾರ ಇನ್ನೊಂದು ಕಾಲಿಗೆ ಹೋಯ್ತು, ಐದಕ್ಕೆ ಯಾವ ಕಾಲು ಎತ್ತಬೇಕೋ ಅದೇ ನೆಲಕ್ಕೆ ಕಚ್ಚಿಕೊಂಡಿರುತ್ತೆ. ಹೀಗೇ ಐದಾರು ಸಲ ಆಯ್ತು. ಮಾಸ್ಟರ್ ಪಕ್ಕ ಬಂದು ನಿಂತು, "ಅಮ್ಮ, ಕಾಲು ನೋಡಬೇಡಿ, ಭಾರ ಎಲ್ಲಿದೆ ನೋಡ್ಕೊಳ್ಳಿ" ಅಂದರು. ಮೂರಕ್ಕೆ ಬಲಗಾಲ ಮೇಲೆ ಪೂರ್ತಿ ಭಾರ ಇಟ್ಟು, ನಾಲ್ಕರ ಹೊತ್ತನ್ನ ಅಲ್ಲೇ ಕಳೀಬೇಕು. ಎಡಗಾಲಿನ ಹಿಮ್ಮಡಿ ಎದ್ದಿರಲಿ, ಪರವಾಗಿಲ್ಲ, ಭಾರ ಕೊಡಬಾರದು. ಅದೊಂದು ತಿಳಿದ ಮೇಲೆ ಹೆಜ್ಜೆ ಕೂತಿತು. ಪುಟ್ಟಿ, ನಿನಗೆ ಬರಲ್ಲ ಅನ್ನಿಸ್ತಿರೋದು ಇದೇ ನಾಲ್ಕು ಇರಬಹುದು. ಇನ್ನೊಂದು ಸಲ ಹೋದಾಗ ಬರೀ ಅದನ್ನ ನೋಡ್ಕೋ.

ನಾಲ್ಕಕ್ಕೆ ಯಾಕೆ ನಿಲ್ಲಬೇಕು ಅಂತ ಅರ್ಥವಾಗಿದ್ದು ಕಾಂಗಾ ಕೇಳಿದಾಗ. ಕೈಯಲ್ಲಿ ನುಡಿಸೋ ಉದ್ದನೆಯ ಚರ್ಮವಾದ್ಯ ಅದು. ನಮ್ಮ ಕಾಲು ನಿಂತಿರೋ ನಾಲ್ಕು, ಎಂಟರ ಹೊತ್ತಿಗೇ ಅದು ತುಂ ತುಂ ಅಂತ ಎರಡು ದೊಡ್ಡ ಪೆಟ್ಟು ಕೊಡುತ್ತೆ. ನಾವು ಸುಮ್ಮನಾದರೆ ಅದಕ್ಕೆ ಜಾಗ.

ಇದನ್ನ ನನಗಿಂತ ಮೊದಲು ಹಿಡಿದವರು ನಿಮ್ಮಪ್ಪ. ಚಿಕ್ಕವರಿದ್ದಾಗ ಎರಡು ವರ್ಷ ಮೃದಂಗ ಕಲಿತಿದ್ದು, ಈಗ ಭಜನೆಯಲ್ಲಿ ತಾಳ ಹಾಕೋದು, ಸುಮ್ಮನೆ ಹೋಗುತ್ತಾ? ಕುರ್ಚಿಯಲ್ಲಿ ಕೂತು ತೊಡೆ ಮೇಲೆ ಎಂಟೆಣಿಕೆಯ ಆದಿತಾಳ ಹಾಕ್ತಿದ್ದರು. ಎಂಟಕ್ಕೆ ಎಂಟು ಸರಿಹೋಗ್ತಿದೆ, ಆದರೂ ಹಣೆ ಗಂಟಿಕ್ಕಿದೆ. ಮಧ್ಯೆ ನೀರು ಕುಡಿಯೋಕೆ ಹೋದಾಗ ನನ್ನ ಕೈ ಹಿಡಿದು ನಿಲ್ಲಿಸಿ, "ಐದಕ್ಕೆ ಪೆಟ್ಟೇ ಬೀಳ್ತಿಲ್ಲ ಕಣೇ" ಅಂದರು. ನನ್ನ ಸ್ಟೀಲ್ ಬಾಟಲಿ ಮೇಲೆ ಉಂಗುರದಿಂದ ತೋರಿಸಿದರು. ಒಂದಕ್ಕೆ ಒಂದು, ಎರಡು ಕಳೆದು ಅರ್ಧಕ್ಕೆ ಒಂದು, ನಾಲ್ಕಕ್ಕೆ ಒಂದು. ಆಮೇಲೆ ಆರು, ಏಳು. ಒಟ್ಟು ಐದು ಪೆಟ್ಟು. ಟಕ್... ಟಕ್... ಟಕ್, ಟಕ್ ಟಕ್. ಆದಿತಾಳದಲ್ಲಿ ಐದಕ್ಕೆ ಘಾತ, ಅಂದರೆ ಕೈಪೆಟ್ಟು, ಇರಲೇಬೇಕು, ಇಲ್ಲಿ ಅದೇ ಖಾಲಿ. ಮಾಸ್ಟರಿಗೆ ಅವರನ್ನ ಕಂಡು ಖುಷಿಯೋ ಖುಷಿ. ಅದೇ ಕ್ಲಾವೆ ಸಾರ್ ಅಂದರು. ಇಡೀ ಸಾಲ್ಸಾ ಅದರ ಮೇಲೇ ನಿಂತಿರೋದಂತೆ. ಕೆಲವು ಹಾಡಲ್ಲಿ ಮೂರು ಪೆಟ್ಟು ಮೊದಲು, ಕೆಲವದರಲ್ಲಿ ಎರಡು ಮೊದಲು. ನುಡಿಸೋದು ಗೇಣುದ್ದದ ಎರಡು ಗಟ್ಟಿ ಮರದ ಕೋಲಿನಿಂದ. ಒಂದನ್ನ ಬೆರಳ ತುದಿ ಮೇಲೆ ಹಗುರವಾಗಿ ಇಟ್ಕೊಂಡು, ಅಂಗೈಯನ್ನ ಕೆಳಗೆ ಬಟ್ಟಲ ಹಾಗೆ ಮಾಡಿ, ಇನ್ನೊಂದರಲ್ಲಿ ಹೊಡೀಬೇಕು. ಬಿಗಿಯಾಗಿ ಹಿಡಿದರೆ ದನಿ ಸಾಯುತ್ತೆ.

ಎರಡು ಕೋಲು ಅಂದ ತಕ್ಷಣ ನನಗೆ ಏನು ನೆನಪಾಯ್ತು ಅಂತ ನಿನಗೆ ಗೊತ್ತಿರೋಕೆ ಸಾಧ್ಯವಿಲ್ಲ, ನಾನು ಯಾವತ್ತೂ ಹೇಳಿಲ್ಲ. ಶಿಡ್ಲಘಟ್ಟದ ಹತ್ತಿರ ನನ್ನ ತವರಲ್ಲಿ ರಾಮನವಮಿಗೆ ಕೋಲಾಟ ಆಡಿಸ್ತಿದ್ದರು. ಎಂಟನೇ ವಯಸ್ಸಿಂದ ಆಡಿದವಳು ನಾನು. ಕೋಲಾಟದಲ್ಲಿ ಕಾಲಿಗೆ ಬಿಡುವೇ ಇಲ್ಲ, ನಾಲ್ಕಕ್ಕೆ ನನ್ನ ಕಾಲು ನಿಲ್ಲದೇ ಹೋಗಿದ್ದು ಅದಕ್ಕೇ ಇರಬೇಕು. ದೊಡ್ಡವಳಾದ ವರ್ಷ ಮನೆಯ ಹಿರಿಯರೊಬ್ಬರು, ಇನ್ನು ಬೀದಿಯಲ್ಲಿ ಕುಣಿಯೋದು ಬೇಡ ಅಂದರು. ಬೈಯಲಿಲ್ಲ, ಹೊಡೆಯಲಿಲ್ಲ, ಒಂದೇ ಮಾತು. ಆ ವರ್ಷ ಜಗಲಿ ಮೇಲೆ ಕೂತು ಬೇರೆಯವರು ಆಡೋದನ್ನ ನೋಡಿದೆ. ಮುಂದಿನ ವರ್ಷದಿಂದ ನೋಡೋಕೂ ಹೋಗಲಿಲ್ಲ. ಮದುವೆಯಾಗಿ ಬರುವಾಗ ಟ್ರಂಕಿನ ತಳದಲ್ಲಿ ಆ ಕೋಲು ಇಟ್ಕೊಂಡು ಬಂದೆ. ನಿನ್ನನ್ನ ಗೋಡೆಗೆ ಒರಗಿ ನಿಂತ ಹಾಗೆ ಊಹಿಸ್ಕೊಂಡಾಗ ನನ್ನ ಹೊಟ್ಟೆಯಲ್ಲಿ ಸಂಕಟ ಆಗಿದ್ದು ಇದಕ್ಕೆ. ನಿನಗೆ ಯಾರೂ ಬೇಡ ಅಂದಿಲ್ಲ ಕಣೇ.

ಬಚಾಟಾ ಹಾಕಿದಾಗ ಇನ್ನೊಂದು ವಿಷಯ ತಿಳೀತು. ಅದೂ ಡೊಮಿನಿಕನ್ ರಿಪಬ್ಲಿಕ್ಕಿನದೇ. ಪಕ್ಕಕ್ಕೆ ಮೂರು ಹೆಜ್ಜೆ, ನಾಲ್ಕಕ್ಕೆ ಪಾದದ ತುದಿ ಸುಮ್ಮನೆ ತಾಗಿಸಿ, ಮತ್ತೆ ಇನ್ನೊಂದು ಕಡೆಗೆ ಮೂರು. ಗಿಟಾರಿನ ಹಾಡು, ವಿರಹದ ದನಿ. ರಾತ್ರಿ ನಿದ್ದೆ ಬರದೆ ಕೂತು ಓದಿದೆ: ಅಲ್ಲಿನ ಸರ್ವಾಧಿಕಾರಿ ತ್ರುಹಿಯೋ 1961ರಲ್ಲಿ ಕೊಲೆಯಾದ ಮೇಲಷ್ಟೇ ಇದು ರೆಕಾರ್ಡ್ ಆಗೋಕೆ ಶುರುವಾಗಿದ್ದು. ಆಮೇಲೂ ಎಷ್ಟೋ ವರ್ಷ ಬಡವರ ಹಾಡು, ಸಾರಾಯಿ ಅಂಗಡಿ ಹಾಡು ಅಂತ ದೊಡ್ಡ ಮನೆಯವರು ಒಳಗೆ ಸೇರಿಸಲಿಲ್ಲ. 2019ರಲ್ಲಿ ಯುನೆಸ್ಕೋ ಅದನ್ನ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನನಗೆ ನಮ್ಮ ಕಡೆಯ ತಮಟೆ ನೆನಪಾಯ್ತು. ನಾನು ಚಿಕ್ಕವಳಿದ್ದಾಗ ತಮಟೆಯವರು ಗುಡಿಯ ಹೊರಗೇ ನಿಲ್ಲಬೇಕಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾನು ಟೀವಿ ಮುಂದೆ ಅತ್ತಿದ್ದೆ, ನೀನು ಯಾಕಮ್ಮ ಅಂತ ಕೇಳಿದ್ದೆ. ಸಾಲ್ಸಾದ ಕಥೆಯೂ ಹಾಗೇ: ಕ್ಯೂಬಾದ ಸೋನ್ ಅನ್ನೋ ಹಾಡು, ಆಫ್ರಿಕಾದಿಂದ ಗುಲಾಮರಾಗಿ ಬಂದವರ ಲಯ, ನ್ಯೂಯಾರ್ಕಿಗೆ ದುಡಿಯೋಕೆ ಹೋದ ಪೋರ್ಟೊರಿಕೊ ಜನ, ಎಲ್ಲ ಸೇರಿ ಆಗಿದ್ದು. ಆ ಹೆಸರಿಗೆ ಸ್ಪ್ಯಾನಿಷಿನಲ್ಲಿ ಸಾಸ್ ಅಂತ ಅರ್ಥ, ನಮ್ಮ ಗೊಜ್ಜಿದ್ದ ಹಾಗೆ.

ಇನ್ನು ನಿನಗೆ ಬೇಕಾದ ಮಾತು. ಪಾಠ ಮುಗಿದ ಮೇಲೆ ನಾನೂ ಕುರ್ಚಿ ಕಡೆ ಹೊರಟಿದ್ದೆ. ನಿನ್ನ ವಯಸ್ಸಿನ ಒಬ್ಬ ಹುಡುಗಿ ಬಂದು "ಆಂಟಿ, ಬನ್ನಿ, ನಾನು ನಡೆಸ್ತೀನಿ" ಅಂದಳು. ಗಂಡಸೇ ನಡೆಸಬೇಕು ಅಂತೇನಿಲ್ಲ. ಹಾಡಿನ ಮಧ್ಯೆ ನನಗೆ ಲೆಕ್ಕ ಪೂರ್ತಿ ಕಳೆದುಹೋಯ್ತು. ಅವಳು ನನ್ನನ್ನ ಎಳೆಯಲಿಲ್ಲ, ಕೈ ಬಿಡಲೂ ಇಲ್ಲ. ನಿಂತಲ್ಲೇ ಮೆಲ್ಲಗೆ ತೂಗ್ತಾ ಇದ್ದಳು, ಸುತ್ತು ಮತ್ತೆ ಬಂದಾಗ ಕಣ್ಣು ನೋಡಿ "ಈಗ ಒಂದು" ಅಂದಳು. ಹೊರಟ್ವಿ. ಎಂಟು ಎಣಿಸಿದರೆ ಒಂದು ಮತ್ತೆ ಬಂದೇ ಬರುತ್ತೆ, ಅಲ್ಲಿವರೆಗೆ ಕಾಯೋದು ತಪ್ಪೇ ಅಲ್ಲ ಅಲ್ಲಿ. ತಪ್ಪಿದ್ದಕ್ಕೆ ಯಾರೂ ತಿರುಗಿ ನೋಡಲಿಲ್ಲ, ಅವರವರ ಎಣಿಕೆ ಅವರವರಿಗೆ.

ಕೈ ವಿಷಯ ಹೇಳ್ತೀನಿ. ಸೋತ ಕೈ ಬೇಡ, ಬಿಗಿದ ಕೈಯೂ ಬೇಡ. ಸೈಕಲ್ ಹ್ಯಾಂಡಲ್ ಹಿಡಿದಷ್ಟು ಜೀವ ಇದ್ದರೆ ಎದುರಿನವರು ಯಾವ ಕಡೆ ತಿರುಗಿಸ್ತಾರೆ ಅಂತ ಅಂಗೈಗೇ ಗೊತ್ತಾಗುತ್ತೆ. ಗಾಜಿನ ಬಳೆ ತೆಗೆದಿಡು, ದುಪಟ್ಟಾ ಬೇಡವೇ ಬೇಡ. ಒಂದು ಹಾಡಿಗೆ ಒಪ್ಪಿದರೆ ಒಂದೇ ಹಾಡು, ಮುಗಿದ ಮೇಲೆ ಥ್ಯಾಂಕ್ಸ್ ಹೇಳಿ ಬಂದುಬಿಡು. ಕೂತು ಕಾಯಬೇಕಾಗಿಲ್ಲ, ನೀನೇ ಹೋಗಿ ಕರಿ, "ನಾನು ಹೊಸಬಳು" ಅಂತ ಮೊದಲೇ ಹೇಳು. ಬಚಾಟಾದಲ್ಲಿ ತೀರಾ ಹತ್ತಿರ ಎಳೆಯೋರು ಇರ್ತಾರೆ. ಎಷ್ಟು ದೂರ ಅನ್ನೋದು ನಿನ್ನ ತೀರ್ಮಾನ, ನಿನ್ನದು ಮಾತ್ರ. ಇಷ್ಟವಿಲ್ಲದಿದ್ದರೆ ಹಾಡಿನ ಮಧ್ಯದಲ್ಲೇ ಕೈ ಬಿಟ್ಟು ಬಾ. ಬೇಡ ಅನ್ನೋದಕ್ಕೆ ಯಾರಿಗೂ ಕಾರಣ ಕೊಡಬೇಡ. ನಿಮ್ಮಪ್ಪನೂ ಇದನ್ನ ಬರಿ ಅಂದರು.

ಚಪ್ಪಲಿ ಮಾತ್ರ ನಾನು ತಪ್ಪು ಮಾಡಿದೆ. ವಾಕಿಂಗ್ ಶೂ ಹಾಕ್ಕೊಂಡು ಹೋಗಿದ್ದೆ, ರಬ್ಬರ್ ತಳ ನೆಲ ಬಿಡಲ್ಲ, ತಿರುಗುವಾಗ ಮಂಡಿ ಹಿಂಡಿದ ಹಾಗಾಯ್ತು. ನಿನ್ನ ಕಪ್ಪು ಚಪ್ಪಲಿ ಇಲ್ಲೇ ಬೀರುವಿನಲ್ಲಿದೆ ನೋಡು, ಹಿಂದೆ ಪಟ್ಟಿ ಇರೋದು, ಚರ್ಮದ ಅಟ್ಟೆಯದ್ದು. ಒರೆಸಿ ಇಟ್ಟಿದ್ದೀನಿ, ನಾಳೆ ಕೊರಿಯರ್ ಮಾಡ್ತೀನಿ, ಶನಿವಾರದೊಳಗೆ ಬರುತ್ತೆ. ಜೊತೆಗೆ ಹುರಿಗಡಲೆ ಚಟ್ನಿಪುಡಿನೂ ಇದೆ.

ಮುಗಿಸಿ ಹೊರಟಾಗ ಇಬ್ಬರಿಗೂ ಹಸಿವು. ಕ್ಯಾತಸಂದ್ರಕ್ಕೆ ಗಾಡಿ ತಿರುಗಿಸಿ ತಟ್ಟೆ ಇಡ್ಲಿ ತಿಂದ್ವಿ, ನನಗೆ ಒಂದು ಸಾಕು ಅಂದವಳು ಎರಡು ತಿಂದೆ. ಇವತ್ತು ಬೆಳಿಗ್ಗೆ ನಿಮ್ಮಪ್ಪ ಸ್ಟೂಲ್ ಹಾಕಿ ಅಟ್ಟದಿಂದ ಆ ಟ್ರಂಕ್ ಇಳಿಸಿದರು. ಕೋಲಿಗೆ ಹಚ್ಚಿದ್ದ ಕೆಂಪು ಬಣ್ಣ ಇನ್ನೂ ಅಲ್ಲಲ್ಲಿ ಇದೆ. ಕ್ಲಾವೆ ಕೋಲಿಗಿಂತ ಉದ್ದ ಆಯ್ತು, ದನಿ ಸ್ವಲ್ಪ ದಪ್ಪ, ಆದರೂ ಚೆನ್ನಾಗಿ ನುಡಿಯುತ್ತೆ. ನಾನು ಇದನ್ನ ಬರೀತಾ ಇರೋವಾಗ ನಡುಮನೆಯಲ್ಲಿ ಕೂತು ಅಭ್ಯಾಸ ಮಾಡ್ತಿದ್ದಾರೆ. ಇನ್ನೂ ಐದಕ್ಕೊಂದು ಬೀಳ್ತಾನೇ ಇದೆ. ಹೋಗಿ ಹೇಳಿ ಬರ್ತೀನಿ.

ನಿನ್ನ
ಅಮ್ಮ