ಭಾನುವಾರದ ಚರ್ಚೆ: ಸ್ನೇಹ, ದ್ವೇಷದ ಲೆಕ್ಕ

ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ತರ್ಕಶಾಸ್ತ್ರದ ಮಾತು. ಹೆದರಬೇಡಿ, ಸೂತ್ರ ಕಡಿಮೆ.

ಮೂವರನ್ನು ತೆಗೆದುಕೊಳ್ಳಿ. ಪ್ರತಿ ಜೋಡಿಗೂ ಸ್ನೇಹವಿದ್ದರೆ +, ದ್ವೇಷವಿದ್ದರೆ − ಹಾಕಿ ಗುಣಿಸಿ. + ಬಂದರೆ ಸಮತೋಲ, − ಬಂದರೆ ಒಳಗೊಳಗೇ ಎಳೆದಾಟ. ಶತ್ರುವಿನ ಶತ್ರು ಮಿತ್ರ ಅಂತೀವಲ್ಲ, ಅದೇ. ಎಲ್ಲ ಜೋಡಿಗೂ ಗುರುತು ಬಿದ್ದು, ಯಾವ ಮೂವರನ್ನು ಆರಿಸಿದರೂ ಸಮತೋಲವಿದ್ದರೆ ಇಡೀ ಗುಂಪಿನಲ್ಲಿ ಹೆಚ್ಚೆಂದರೆ ಎರಡೇ ಬಣ: ಬಣದೊಳಗೆ ಸ್ನೇಹ, ಬಣಗಳ ನಡುವೆ ದ್ವೇಷ! 1956ರಲ್ಲಿ ಮನೋವಿಜ್ಞಾನಿ ಕಾರ್ಟ್‌ರೈಟ್, ಗಣಿತಜ್ಞ ಫ್ರಾಂಕ್ ಹರಾರಿ ಇದನ್ನು ಸಾಧಿಸಿ ತೋರಿಸಿದರು.

ನನ್ನ ತಕರಾರು ಒಂದಿದೆ. ಮೂವರೂ ಪರಸ್ಪರ ಹಗೆಗಳಾದರೆ ಉತ್ತರ −. ಆದರೆ ಅಂಥ ಮುಕ್ಕೋನ ಜಗಳ ವರ್ಷಗಟ್ಟಲೆ ನಡೆಯುತ್ತದೆ, ಅಲ್ವಾ? 1967ರಲ್ಲಿ ಸಮಾಜಶಾಸ್ತ್ರಜ್ಞ ಡೇವಿಸ್ ಇದಕ್ಕೂ ಜಾಗ ಕೊಟ್ಟರು; ಆಗ ಬಣಗಳು ಎರಡಕ್ಕಿಂತ ಹೆಚ್ಚೂ ಆಗಬಹುದು.

ಪಪುವಾ ನ್ಯೂಗಿನಿಯ ಗಹುಕು-ಗಾಮ ಜನರ 16 ಪಂಗಡಗಳ ಸ್ನೇಹ-ದ್ವೇಷದ ನಕ್ಷೆ ಕಳಿಸುತ್ತೇನೆ. ಬಣಗಳೆಷ್ಟು ಅಂತ ಪೆನ್ಸಿಲ್ ಹಿಡಿದು ಹುಡುಕಿಕೊಂಡು ಬನ್ನಿ. ಉತ್ತರ ಇಲ್ಲಿ ಹಾಕಬೇಡಿ.